ಹಗ್ಗ ಹಿಡಿಯುವವನ ಹೆಸರು

ಮಸಿನಗುಡಿ ಬಜಾರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಅದೇ ಜಾಗದಲ್ಲಿ ಮೊದಲು ಅಪ್ಪ ದಿನಸಿ ಅಂಗಡಿ ನಡೆಸುತ್ತಿದ್ದರು. ಗುಂಡ್ಲುಪೇಟೆ ಕಡೆಯಿಂದ ಗಡಿ ದಾಟಿ ತಮಿಳುನಾಡಿಗೆ ಬಂದು ನೆಲೆ ನಿಂತ ಕುಟುಂಬ ನಮ್ಮದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಅಪ್ಪ ತೀರಿಕೊಂಡ ಮೇಲೆ ಅಕ್ಕಿ ಬೇಳೆ ತೂಗುತ್ತ ಕೂರುವುದು ನನ್ನಿಂದ ಆಗಲಿಲ್ಲ. ಒಂದು ಕಂಪ್ಯೂಟರು, ಒಂದು ಪ್ರಿಂಟರು ತಂದಿಟ್ಟುಕೊಂಡೆ. ಈಗ ನಕಲು ತೆಗೆಸಲು ಬರುವವರಿಗಿಂತ ಮನು ಬರೆಸಲು ಬರುವವರೇ ಹೆಚ್ಚು. ಅರ್ಜಿಗೆ ನಮ್ಮ ಕಡೆ ಮನು ಅಂತಲೇ ಅನ್ನುವುದು, ಬರೆಯುವುದು ತಮಿಳಿನಲ್ಲಿ. ಆನೆ ತುಳಿದ ಬೇಲಿಗೆ, ರೇಷನ್ ಕಾರ್ಡಿನಲ್ಲಿ ಬಿಟ್ಟುಹೋದ ಹೆಸರಿಗೆ, ನಿಂತುಹೋದ ಪಿಂಚಣಿಗೆ, ಹೀಗೆ ಎಷ್ಟು ಬರೆದಿದ್ದೇನೋ. ಬರೆದದ್ದರಲ್ಲಿ ಒಂದನ್ನು ಮಾತ್ರ ಇವತ್ತಿಗೂ ವಾಪಸು ತೆಗೆದುಕೊಳ್ಳಬೇಕು ಅನ್ನಿಸುತ್ತದೆ.

ಅದನ್ನು ಬರೆಸಿದವರು ಜೇನಣ್ಣ. ಅದು ಅವರ ಹೆಸರಲ್ಲ, ನಮ್ಮ ಮನೆಯಲ್ಲಿ ಕರೆಯುತ್ತಿದ್ದದ್ದು ಹಾಗೆ. ಮೋಯಾರ್ ಕಮರಿಯ ಕಡೆಗಿರುವ ಒಂದು ಕುರುಂಬರ ಹಾಡಿಯವರು. ನಾನು ಲಂಗ ತೊಡುವ ವಯಸ್ಸಿನಿಂದ ಅವರು ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು, ಅಪ್ಪನ ಅಂಗಡಿಗೆ ಹೆಜ್ಜೇನು ತರುತ್ತಿದ್ದರು. ಅಪ್ಪ ಬೆರಳಲ್ಲಿ ಅದ್ದಿ ನೆಕ್ಕಿ, ಈ ಸಲ ಯಾವ ಹೂವು ಹೆಚ್ಚು ಅಂತ ಕೇಳುತ್ತಿದ್ದರು. ಜೇನಣ್ಣ ಹೇಳುತ್ತಿದ್ದರು. ಅಂಗಡಿ ಹೋದರೂ ಅವರು ಬರುವುದು ನಿಲ್ಲಲಿಲ್ಲ. ಸಂತೆಗೆ ಬಂದಾಗ ನನ್ನ ಬೆಂಚಿನ ಮೇಲೆ ಒಂದು ಗಳಿಗೆ ಕೂತು ಹೋಗುತ್ತಿದ್ದರು.

ಹಾಗೆ ಕೂತಾಗ ಆಡಿದ ಮಾತುಗಳಿಂದ ಅವರ ಕಾಡು ಹೇಗೆ ಚಿಕ್ಕದಾಗುತ್ತ ಬಂತು ಅನ್ನುವುದು ನನಗೆ ಗೊತ್ತಾಗಿತ್ತು. ಅವರ ಅಜ್ಜ ಬಿಳಿ ದೊರೆಗಳ ಬೇಟೆಗೆ ಹೆಜ್ಜೆ ನೋಡಿ ದಾರಿ ತೋರಿಸುತ್ತಿದ್ದವರು. ಅವರ ಅಪ್ಪ ಮೊಲಕ್ಕೂ ಕಾಡುಕೋಳಿಗೂ ಬಲೆ ಹಾಕುತ್ತಿದ್ದವರು. ಆಮೇಲೆ ಬೇಟೆಯೇ ಕೂಡದು ಅಂತ ಕಾನೂನು ಬಂತು. ಅದರ ಬಗ್ಗೆ ಜೇನಣ್ಣ ದೂರಿದ್ದನ್ನು ನಾನು ಕೇಳಿಲ್ಲ.

"ಒಳ್ಳೇದೇ ಆಯ್ತು," ಅನ್ನುತ್ತಿದ್ದರು. "ಜೀಪಿನಾಗೆ ಬಂದು ಹೊಡ್ಕಂಡು ಹೋಗೋರಿಗೆ ಹೊಟ್ಟೆ ತುಂಬೋದು ಅಂತ ಇತ್ತಾ? ಆದ್ರೆ ಬ್ಯಾಡ ಅನ್ನೋದು ಅಲ್ಲಿಗೇ ನಿಲ್ಲಿಲ್ಲ ಕಣವ್ವ."

ನಿಲ್ಲಲಿಲ್ಲ ನಿಜ. ದನ ಬಿಡಬೇಡಿ ಅಂದರು. ಗೆಣಸು ಅಗೆಯಬೇಡಿ ಅಂದರು. ಹೊಳೆಗೆ ಇಳಿಯುವ ಕಾಲುದಾರಿಗೆ ಅಡ್ಡಲಾಗಿ ಆನೆ ಕಂದಕ ಬಂತು, ಕಂದಕ ಮುಗಿದ ಕಡೆ ಗೇಟು ಬಂತು. ಉಳಿದದ್ದು ಜೇನು ಒಂದೇ. "ಇದೂ ಬೇಟೆನೇ," ಅಂತ ಒಮ್ಮೆ ಹೇಳಿದ್ದರು. "ಕಾಯ್ಬೇಕು, ಗಾಳಿ ನೋಡ್ಬೇಕು, ಅಪ್ಪಣೆ ಕೇಳ್ಬೇಕು. ಕೊಲ್ಲಕ್ಕಿಲ್ಲ ಅಷ್ಟೇಯ."

ಕೆಲವು ವರ್ಷಗಳ ಹಿಂದೆ, ಬೇಸಿಗೆ ಶುರುವಾಗುವ ಹೊತ್ತಿಗೆ, ಜೇನಣ್ಣ ಫಾರೆಸ್ಟ್ ಆಫೀಸಿನ ಒಂದು ಕಾಗದ ಹಿಡಿದು ಬಂದರು. ಜೇನಿಗೆ ಹೋಗುವವರು ಇನ್ನು ಮೇಲೆ ಹೆಸರು ಕೊಟ್ಟು, ಫೋಟೋ ಕೊಟ್ಟು, ಪಾಸು ಪಡೆದೇ ಹೋಗಬೇಕು. ಹಾಡಿವಾರು ಪಟ್ಟಿ ಆಗಿತ್ತು. ಪಟ್ಟಿಯಲ್ಲಿ ಜೇನಣ್ಣನ ಹೆಸರು ಸರಿಯಾಗಿಯೇ ಇತ್ತು. ನನಗೆ ಸಂತೋಷವಾಯಿತು.

"ನಿಮ್ಮ ಹೆಸರು ಇದೆಯಲ್ಲಣ್ಣ, ಇನ್ನೇನು?"

"ನನ್ನದು ಅದೆ. ಹಗ್ಗ ಹಿಡಿಯೋನ್ದು ಇಲ್ಲ."

ಹಗ್ಗ ಹಿಡಿಯುವವನು ಅವರ ಹೆಂಡತಿಯ ತಮ್ಮ. ಇರುವುದು ತೊರಪಳ್ಳಿ ಹತ್ತಿರದ ಹಾಡಿಯಲ್ಲಿ. ಅದು ಬೇರೆ ರೇಂಜು, ಬೇರೆ ಆಫೀಸು. ಆದ್ದರಿಂದ ಈ ಪಟ್ಟಿಯಲ್ಲಿ ಅವನಿಗೆ ಜಾಗವಿಲ್ಲ. ನಿಮ್ಮ ಹಾಡಿಯಲ್ಲಿಯೇ ಯಾರನ್ನಾದರೂ ಕರೆದುಕೊಂಡು ಹೋಗಬಾರದೇ ಅಂತ ಕೇಳಿದೆ. ಅವರು ನನ್ನನ್ನು ನೋಡಿದರು, ಏನೂ ತಿಳಿಯದವರನ್ನು ನೋಡುವ ಹಾಗೆ. ಆಮೇಲೆ ನಿಧಾನವಾಗಿ ಹೇಳಿದರು.

ಬಂಡೆಯ ನೆತ್ತಿಯಲ್ಲಿ ಮರಕ್ಕೆ ಬಳ್ಳಿಯ ಏಣಿ ಕಟ್ಟುತ್ತಾರೆ. ಅದರಲ್ಲಿ ಒಬ್ಬರು ಕಮರಿಯ ಕಡೆಗೆ ಇಳಿಯುತ್ತಾರೆ. ಸೊಂಟಕ್ಕೆ ಒಂದು ಹಗ್ಗ. ಆ ಹಗ್ಗವನ್ನೂ ಮರದ ಗಂಟನ್ನೂ ಕಾಯುತ್ತ ಮೇಲೆ ಕೂರುವವನು ಹೆಂಡತಿಯ ತಮ್ಮನೋ ಅಣ್ಣನೋ ಆಗಿರಬೇಕು. ಬೇರೆ ಯಾರೂ ಕೂಡದು.

"ಯಾಕಣ್ಣ?"

"ನಾನು ಬಿದ್ದರೆ ಅವನ ಅಕ್ಕ ಬಿದ್ದಂಗೆ. ಅವನು ಕಣ್ಣು ಮುಚ್ಚಕ್ಕಿಲ್ಲ."

ನಾನು ಮನು ಬರೆಯಲು ಕೂತೆ. ಮೊದಲು "ಸಹಾಯಕ" ಅಂತ ಬರೆದು ಕನ್ನಡದಲ್ಲಿ ಓದಿ ಹೇಳಿದೆ. ಅವರು ಅಡ್ಡಡ್ಡ ತಲೆಯಾಡಿಸಿದರು. "ಸಾಯಕ ಅಲ್ಲ ಕಣವ್ವ. ಅವನಿಲ್ದೆ ನಾನು ಇಳಿಯಕ್ಕೇ ಆಗಕ್ಕಿಲ್ಲ. ಅಂಗೆ ಬರಿ." ಹಾಗೇ ಬರೆದೆ. ಅವರು ಹೆಬ್ಬೆಟ್ಟು ಒತ್ತಿ, ನಾಳೆ ಬರುತ್ತೇನೆ ಅಂತ ಎದ್ದು ಹೋದರು.

ತಪ್ಪು ಮಾಡಿದ್ದು ಆಮೇಲೆ. ಮನು ಬಲವಾಗಿಲ್ಲ, ಆಫೀಸಿನವರಿಗೆ ಕಾರಣ ಸಾಲದು ಅನ್ನಿಸಿತು. ಇಷ್ಟು ವರ್ಷ ಮನು ಬರೆದ ಜಂಬವೂ ಸ್ವಲ್ಪ ಇತ್ತು. ಅವರನ್ನು ಕೇಳದೆ ನಾನೇ ಒಂದು ಸಾಲು ಸೇರಿಸಿದೆ: ಇವರ ಪದ್ಧತಿಯಲ್ಲಿ ಒಡಹುಟ್ಟಿದ ತಮ್ಮನನ್ನು ನಂಬಿ ಹಗ್ಗ ಕೊಡುವುದಿಲ್ಲ, ಏಕೆಂದರೆ ಅಣ್ಣ ಸತ್ತರೆ ತಮ್ಮನಿಗೆ ನಷ್ಟವಿಲ್ಲ. ಬರೆದು ಮುಗಿಸಿದಾಗ ಗಟ್ಟಿಯಾದ ಮಾತು ಬಂತು ಅಂತ ಖುಷಿಯೂ ಆಯಿತು.

ಜೇನಣ್ಣನಿಗೊಬ್ಬ ತಮ್ಮನಿದ್ದಾನೆ, ನಮ್ಮ ರೇಂಜಿನಲ್ಲೇ ಕಾಡು ಕಾಯುವ ವಾಚರ್ ಆಗಿ ಕೆಲಸ ಮಾಡುತ್ತಾನೆ ಅನ್ನುವುದು ನನಗೆ ಗೊತ್ತಿತ್ತು. ಬರೆಯುವಾಗ ನೆನಪಿಗೆ ಬರಲಿಲ್ಲ.

ಮರುದಿನ ಜೇನಣ್ಣನ ಜೊತೆ ನಾನೂ ಆಫೀಸಿಗೆ ಹೋದೆ. ರೇಂಜರ್ ಬಯಲು ಸೀಮೆಯಿಂದ ಬಂದ ಹುಡುಗು ಮುಖದ ಅಧಿಕಾರಿ. ಜೇನಣ್ಣನಿಗೆ ಕುರ್ಚಿ ಹಾಕಿಸಿದರು, ಟೀ ತರಿಸಿದರು. ಮನುವನ್ನು ತಾವೇ ಗಟ್ಟಿಯಾಗಿ ಓದಿದರು. ಒಳಗೂ ಹೊರಗೂ ನಾಲ್ಕಾರು ವಾಚರ್‌ಗಳು ನಿಂತಿದ್ದರು. ನನ್ನ ಸಾಲು ಬಂದಾಗ ಯಾರೋ ಒಬ್ಬರು ನಕ್ಕರು.

ರೇಂಜರ್ ತಮಿಳಿನಲ್ಲಿ ಹೇಳಿದರು, "ಅಯ್ಯಾ, ನಿಮ್ಮ ಮೇಲೆ ನನಗೆ ಅನುಮಾನ ಇಲ್ಲ. ಹೋದ ಸಲ ಜೇನಿನವರ ಹಿಂದೆ ಹೊರಗಿನವರು ಒಳಗೆ ಬಂದು ಉರುಲು ಇಟ್ಟು ಹೋದರು. ಒಂದು ಕಡವೆ ಸತ್ತು ಬಿದ್ದಿತ್ತು. ಬೇರೆ ರೇಂಜಿನವರನ್ನು ನಾನು ಬಿಟ್ಟರೆ ಉತ್ತರ ಹೇಳಬೇಕಾದವನು ನಾನು." ಮನುವನ್ನು ಮಡಿಸುತ್ತ, "ನಿಮ್ಮ ತಮ್ಮ ನಮ್ಮವನೇ ಅಲ್ಲವೇ? ಅವನನ್ನು ಕರೆದುಕೊಂಡು ಹೋಗಿ. ಪಾಸೇ ಬೇಡ," ಅಂದರು.

ಜೇನಣ್ಣ ಟೀ ಲೋಟ ಕೆಳಗಿಟ್ಟು ಎದ್ದರು. ಆಗ ಕಂಡಿತು, ಬಾಗಿಲ ಹತ್ತಿರ ಖಾಕಿ ಹಾಕಿಕೊಂಡು ಅವರ ತಮ್ಮ ನಿಂತಿದ್ದ. ಯಾರನ್ನೂ ನೋಡದೆ ಹೊರಗೆ ಹೋದ.

ದಾರಿಯಲ್ಲಿ ಜೇನಣ್ಣ ಒಂದೇ ಮಾತು ಕೇಳಿದರು. "ಆ ಸಾಲು ನಾನು ಹೇಳಿದ್ನಾ?"

"ಇಲ್ಲಣ್ಣ. ನಾನೇ ಹಾಕಿದೆ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡು ದಿನ ಬಿಟ್ಟು ತಮ್ಮನೇ ಅಂಗಡಿಗೆ ಬಂದ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ನಿಂತು ಮಾತಾಡಿದ. "ಬರ್ಯಕ್ಕೆ ಮುಂಚೆ ನನ್ನ ಒಂದ್ ಮಾತು ಕೇಳ್ಬೋದಿತ್ತಕ್ಕ. ಅಪ್ಪ ಸತ್ತಾಗ ನನಗೆ ಮೀಸೆ ಬಂದಿರಲಿಲ್ಲ. ಅಣ್ಣನೇ ಸಾಕಿದ್ದು. ಆಫೀಸಿನಾಗೆ ಈಗ ಎಲ್ರೂ ಕೇಳ್ತಾರೆ, ಹಗ್ಗ ಯಾವಾಗ ಬಿಡ್ತೀಯ ಅಂತ."

ನಾನು ತಪ್ಪಾಯಿತು ಅಂದೆ. ಅದು ಅವನಿಗೆ ಸಾಲಲಿಲ್ಲ, ನನಗೂ ಸಾಲಲಿಲ್ಲ. ಹಾಡಿಯಲ್ಲಿ ಅಣ್ಣ ತಮ್ಮ ಮಾತು ಬಿಟ್ಟಿದ್ದಾರೆ ಅಂತ ಆಮೇಲೆ ಗೊತ್ತಾಯಿತು.

ಚೈತ್ರ ಕಳೆಯಿತು. ಬಂಡೆಗೆ ಹೆಜ್ಜೇನು ಬಂದು ಕೂತಿವೆ ಅಂತ ಸುದ್ದಿ ಬಂತು. ಜೇನಣ್ಣ ದಿನಾ ಬೆಳಿಗ್ಗೆ ಕಂದಕದವರೆಗೆ ನಡೆದು ಹೋಗಿ, ಗಾಳಿ ನೋಡಿ, ವಾಪಸು ಬರುತ್ತಿದ್ದರಂತೆ. ಪಾಸು ಜೇಬಿನಲ್ಲಿತ್ತು. ಗೇಟಿನವರು ಹೋಗಿ ಅಂದರೂ ಅವರು ದಾಟಲಿಲ್ಲ. ಅದೇ ಗೇಟಿನ ಮುಂದೆ ಟೂರಿಸ್ಟ್ ಜೀಪುಗಳು ಸಾಲಾಗಿ ಹೋಗುತ್ತಿದ್ದವು. ಇದನ್ನೆಲ್ಲ ನನಗೆ ಹೇಳಿದ್ದು ಹಾಡಿಯ ಬೇರೆಯವರು.

ಗಾಳಿ ದಿಕ್ಕು ಬದಲಾಗುವ ಹೊತ್ತಿಗೆ, ಒಂದು ಮಧ್ಯಾಹ್ನ, ಜೇನಣ್ಣನ ಹೆಂಡತಿ ಬಂದರು. ಅವರು ನನ್ನ ಅಂಗಡಿಗೆ ಬಂದದ್ದು ಅದೇ ಮೊದಲು. ಬೆಂಚಿನ ಮೇಲೆ ಕೂರಿ ಅಂದೆ. ಅವರು ಕಂಪ್ಯೂಟರಿನ ಪಕ್ಕಕ್ಕೆ ಬಂದು ನಿಂತರು.

"ಇನ್ನೊಂದು ಮನು ಬರಿ. ನನ್ನ ಹೆಸರಾಗೆ."

"ನಿಮ್ಮ ಹೆಸರಲ್ಲೇ?"

"ಹಗ್ಗ ಹಿಡಿಯೋನು ಯಾರ ತಮ್ಮ? ನನ್ನ ತಮ್ಮ. ಕೇಳ್ಬೇಕಾದೋಳು ನಾನಲ್ವಾ?" ಆಮೇಲೆ ಬೆರಳನ್ನು ಮೇಜಿನ ಮೇಲೆ ಊರಿದರು. "ಹೋದ ಸಲ ನೀನು ಅರ್ಧ ಬರ್ದೆ ಕಣವ್ವ. ಬಂಡೆ ಮ್ಯಾಲೆ ನನ್ನ ತಮ್ಮ. ಬಂಡೆ ಕೆಳಗೆ ಅವರ ತಮ್ಮ. ಜೇನಿನ ಬುಟ್ಟಿ ಇಳಿಯೋದು ಅವನ ಕೈಗೆ. ಆನೆ ಬಂದ್ರೆ ಕೂಗೋನು ಅವನು. ಮ್ಯಾಲಿರೋನು ಕೆಳಗೆ ಬರಂಗಿಲ್ಲ, ಕೆಳಗಿರೋನು ಮ್ಯಾಲೆ ಹೋಗಂಗಿಲ್ಲ. ನಂಬಕ್ಕಿಲ್ಲ ಅಂತ ಯಾರು ಹೇಳಿದ್ರು ನಿನಗೆ? ಇಬ್ರೂ ಬೇಕು."

ಅಣ್ಣ ತಮ್ಮಂದಿರ ಕೆಲಸ ಬೇರೆ, ಭಾವ ಬಾಮೈದರ ಕೆಲಸ ಬೇರೆ. ನಾನು ಬರೀ ಒಂದರ ಬಗ್ಗೆ ಕೇಳಿ, ಇನ್ನೊಂದನ್ನು ನನ್ನ ತಲೆಯಿಂದಲೇ ಕಟ್ಟಿಕೊಂಡಿದ್ದೆ. ಜೇನಣ್ಣನ ತಮ್ಮ ವಾಚರ್ ಕೆಲಸಕ್ಕೆ ಸೇರಿದ ಮೇಲೆ ಕೆಳಗೆ ನಿಲ್ಲಲು ಹಾಡಿಯ ಬೇರೆಯವರು ಹೋಗುತ್ತಿದ್ದರಂತೆ. ಅವನಿಗೆ ರಜೆ ಸಿಗುತ್ತಿರಲಿಲ್ಲ.

ಆ ಮಧ್ಯಾಹ್ನ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ತಮಿಳಿಗೆ ಇಳಿಸಿದೆ. ನನ್ನದು ಅಂತ ಒಂದು ಅಕ್ಷರ ಹಾಕಲಿಲ್ಲ. ನನ್ನ ತಮ್ಮ ನನ್ನ ಮನೆಗೆ ನೆಂಟನಾಗಿ ಬರುತ್ತಾನೆ, ನನ್ನ ಮನೆಯಲ್ಲೇ ಇರುತ್ತಾನೆ, ಕಾಡಿಗೆ ಹೋಗುವಾಗ ಬರುವಾಗ ನನ್ನ ಮೈದುನ ಜೊತೆಗಿರುತ್ತಾನೆ, ಏನಾದರೂ ಆದರೆ ನನ್ನನ್ನು ಕೇಳಿ. ಅಷ್ಟೇ ಇತ್ತು. ಪ್ರತಿ ಸಾಲನ್ನೂ ಎರಡೆರಡು ಸಲ ಓದಿಸಿ ಕೇಳಿದರು. ಆಮೇಲೆ ಹೆಬ್ಬೆಟ್ಟು ಒತ್ತದೆ, ಹಾಡಿಯ ಸಂಜೆ ಶಾಲೆಯಲ್ಲಿ ಕಲಿತ ಅಕ್ಷರಗಳಲ್ಲಿ ತಮ್ಮ ಹೆಸರು ಬರೆದರು. ಬರೆಯಲು ಬಹಳ ಹೊತ್ತು ಹಿಡಿಯಿತು.

ಅವರು ಮನುವನ್ನು ನೇರ ಆಫೀಸಿಗೆ ಒಯ್ಯಲಿಲ್ಲ. ಮೊದಲು ಮೈದುನನ ಮನೆಗೆ ಒಯ್ದರು. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಎರಡನೇ ದಿನ ಅವನೇ ಅದನ್ನು ರೇಂಜರ್ ಮೇಜಿನ ಮೇಲೆ ಇಟ್ಟ. ಕೆಳಗೆ ತನ್ನ ಸಹಿಯನ್ನೂ ಹಾಕಿದ್ದ.

ರೇಂಜರ್ ಅದನ್ನು ಈ ಸಲ ಮನಸ್ಸಿನಲ್ಲೇ ಓದಿದರಂತೆ. ತೊರಪಳ್ಳಿ ಕಡೆಯ ಆಫೀಸಿಗೆ ಫೋನು ಮಾಡಿ, ಬಾಮೈದನಿಗೆ ಮೂರು ದಿನಕ್ಕೆ ಮಾತ್ರ ಅಂತ ಒಂದು ಚೀಟಿ ಕೊಟ್ಟರು. ವಾಚರ್ ತಮ್ಮನಿಗೆ ಆ ಮೂರು ದಿನ ಅವರ ಜೊತೆ ಹೋಗುವುದೇ ಡ್ಯೂಟಿ ಅಂತ ಹಾಕಿದರು. ಅವರು ಅಷ್ಟು ಮಾಡಬೇಕಿರಲಿಲ್ಲ, ಮಾಡಿದರು.

ಬಾಮೈದ ತೊರಪಳ್ಳಿಯಿಂದ ಬಸ್ಸಿನಲ್ಲಿ ಬಂದ. ಸಣ್ಣ ಆಳು, ಮಾತು ಕಡಿಮೆ. ನನ್ನ ಅಂಗಡಿಯಲ್ಲಿ ಅವನ ಕಾರ್ಡಿನ ನಕಲು ತೆಗೆದುಕೊಟ್ಟೆ. ಅವನ ಅಂಗೈ ನೋಡಬೇಕು ಅನ್ನಿಸಿ ನೋಡಿದೆ. ಎಲ್ಲರ ಕೈಯ ಹಾಗೆಯೇ ಇತ್ತು.

ಹೋಗಿ ಬಂದರು. ತಡವಾಗಿತ್ತು, ಮೊದಲ ಮಳೆ ಹನಿ ಬಿದ್ದು ಎಷ್ಟೋ ಹುಟ್ಟಿನ ಹುಳ ಎದ್ದು ಹೋಗಿದ್ದವು. ಸಿಕ್ಕಿದ್ದು ನಾಲ್ಕು ಹುಟ್ಟು. ಹಾಡಿಯ ಮನೆಗಳಿಗೆ ಹಂಚಿದ ಮೇಲೆ ಮಾರಲು ಉಳಿಯಲಿಲ್ಲ.

ವಾರ ಕಳೆದು ಜೇನಣ್ಣನ ತಮ್ಮ ಅಂಗಡಿಗೆ ಬಂದ. ಈ ಸಲ ಒಳಗೆ ಬಂದು ಬೆಂಚಿನ ಮೇಲೆ ಕೂತ. ಅವನು ಇಷ್ಟು ವರ್ಷ ಆ ಕಾಡಿನಲ್ಲಿ ದಿನಾ ಸುತ್ತಿದರೂ ಅಣ್ಣ ಬಂಡೆಗೆ ಇಳಿಯುವುದನ್ನು ನೋಡಿ ಬಹಳ ಕಾಲವಾಗಿತ್ತು.

"ಮ್ಯಾಲಿಂದ ಹಾಡ್ತಾ ಇಳಿದ್ರು ಅಕ್ಕ," ಅಂದ. "ಹುಳಕ್ಕೆ ಹೇಳ್ತಾರೆ, ನಿನ್ನ ಮನೆಗೆ ನೆಂಟನಾಗಿ ಬಂದಿದೀನಿ, ಕೋಪ ಮಾಡ್ಕಬ್ಯಾಡ ಅಂತ. ಅರ್ಧಕ್ಕೆ ಬಂದಾಗ ಕಾಲು ನಡುಗಿದ್ದು ಕೆಳಗಿಂದ ನನಗೆ ಕಾಣ್ತು. ಮೊದಲು ನಡುಗ್ತಿರಲಿಲ್ಲ. ಮ್ಯಾಲೆ ಕೂತೋನಿಗೆ ಅದು ಕಾಣಕ್ಕಿಲ್ಲ, ಆದ್ರೆ ಹಗ್ಗದಾಗೆ ಗೊತ್ತಾಗಿರ್ತದೆ. ಅವನು ಒಂದ್ ಗೇಣು ಬಿಗಿ ಮಾಡ್ದ. ಅಣ್ಣ ನಿಂತ್ಕಂಡು ಉಸಿರು ತಗಂಡ್ರು." ಬೆಂಚಿನಿಂದ ಏಳುತ್ತ, "ಬುಟ್ಟಿ ನಾನು ಹಿಡ್ಕಂಡೆ. ಸರಿಯಾಗಿ ಹಿಡ್ದೆ ಕಣ್ಲಾ ಅಂದ್ರು ಅಣ್ಣ," ಅಂದ.

ಆ ರೇಂಜರ್ ಈಗ ವರ್ಗವಾಗಿ ಹೋಗಿದ್ದಾರೆ. ಮುಂದಿನ ವರ್ಷ ಮೂರು ದಿನ ಎರಡಾಯಿತು. ಅದರ ಮುಂದಿನ ವರ್ಷ ಹುಲಿ ಗಣತಿ ಅಂತ ದಾರಿ ಮುಚ್ಚಿದ್ದರು, ಯಾರೂ ಹೋಗಲಿಲ್ಲ. ಪ್ರತಿ ಬೇಸಿಗೆಗೆ ಮೊದಲು ಜೇನಣ್ಣನ ಹೆಂಡತಿ ಬಂದು ನಿಂತು ಹೇಳುತ್ತಾರೆ, ನಾನು ಬರೆಯುತ್ತೇನೆ. ಕೆಲವಕ್ಕೆ ಉತ್ತರ ಬರುತ್ತದೆ.

ಈ ವರ್ಷ ಗಂಡ ಹೆಂಡತಿ ಇಬ್ಬರೂ ಸೇರಿ ಬಂದರು. ಜೇನಣ್ಣನಿಗೆ ಮಂಡಿ ಹಿಡಿದಿದೆ, ಇನ್ನು ಇಳಿಯಲು ಆಗುವುದಿಲ್ಲ. ಇಳಿಯುವುದು ಬಾಮೈದ ಅಂತ ತೀರ್ಮಾನವಾಗಿದೆ. ಹಾಗಾದರೆ ಮೇಲೆ ಕೂರುವವರು ಯಾರು ಅಂತ ಕೇಳಿದೆ.

"ಅವನ ಹೆಂಡ್ತಿ ತಮ್ಮ," ಅಂದರು ಜೇನಣ್ಣ.

"ಅವನೆಲ್ಲಿರೋದು?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಹೆಂಡತಿ ಸೆರಗು ಬಾಯಿಗೆ ಹಿಡಿದರು, ನಗುತ್ತಿದ್ದರು. ಅವನು ಇರುವುದು ಗಡಿಯಾಚೆ, ಬಂಡೀಪುರದ ಕಡೆಯ ಹಾಡಿಯಲ್ಲಿ. ಬೇರೆ ರೇಂಜಲ್ಲ, ಬೇರೆ ರಾಜ್ಯ.

ನಾನು ಕಂಪ್ಯೂಟರ್ ಮುಂದೆ ಕೈ ಕಟ್ಟಿ ಕೂತೆ. ಯಾವ ಆಫೀಸಿಗೆ ಬರೆಯಬೇಕು, ಯಾರಿಗೆ ಪ್ರತಿ ಕಳಿಸಬೇಕು, ಒಂದೂ ಹೊಳೆಯಲಿಲ್ಲ. ಜೇನಣ್ಣ ಮಂಡಿ ನೀವಿಕೊಂಡರು.

"ಈ ಸಲ ಕನ್ನಡದಾಗೇ ಬರೀಬೌದಲ್ವಾ ಅವ್ವ?" ಅಂದರು.