ಫುಟ್‌ಪಾತಿನಲ್ಲಿ ನಿಲ್ಲಿಸಿದ ಶಿವ

ಫಲಕದ ಮೇಲೆ ಶಿವನನ್ನು ಬರೆಸುವ ಉಪಾಯ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಮ್ಮ ಮನೆಯಲ್ಲಿ ಇಂದಿಗೂ ಅದು ನನ್ನ ಗಂಡನ ಉಪಾಯ ಎಂದೇ ಮಾತು. ಪಾಪ, ಅವರಿಗೆ ಅಷ್ಟೊಂದು ಕಿಲಾಡಿ ಬುದ್ಧಿ ಇರಲಿಲ್ಲ.

ಅರವತ್ತರ ದಶಕದ ಕೊನೆಯ ವರ್ಷಗಳು. ಬೀದರ ಜಿಲ್ಲೆಯಿಂದ ಬಂದ ನಾವು ನಾಸಿಕದ ಪೇಟೆಯಲ್ಲಿ ಇಳಕಲ್ ಸೀರೆ ಮತ್ತು ಕುಪ್ಪಸದ ಖಣದ ಅಂಗಡಿ ಇಟ್ಟಿದ್ದೆವು. ಎರಡು ದೊಡ್ಡ ಅಂಗಡಿಗಳ ನಡುವೆ ಸಿಕ್ಕಿಕೊಂಡಿದ್ದ ನಮ್ಮದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದಕ್ಕೇ ಎದೆಯೆತ್ತರದ ಒಂದು ತಗಡಿನ ಫಲಕ ಮಾಡಿಸಿ, ಮರದ ಕಾಲು ಹೊಡೆಸಿ, ಫುಟ್‌ಪಾತಿನ ಮೇಲೆ ನಿಲ್ಲಿಸುತ್ತಿದ್ದೆವು. ನಾವೊಬ್ಬರೇ ಅಲ್ಲ, ದರ್ಜಿಯ ಫಲಕವೂ ಅಲ್ಲೇ, ಬಳೆಗಾರನದೂ ಅಲ್ಲೇ. ನಡೆಯುವವರು ಅತ್ತ ಇತ್ತ ಸರಿಯುತ್ತ ಹೋಗಬೇಕಿತ್ತು. ಅವರ ಕಷ್ಟ ಅವರಿಗೆ, ನಮಗೇನು ಎನ್ನುವವರ ಪೈಕಿ ನಾವು.

ಆ ದಾರಿಯಲ್ಲಿ ದಿನಕ್ಕೆರಡು ಸಲ ಕುರ್ಚಿ ಹೆಣೆಯುವವರೊಬ್ಬರು ಹಾದುಹೋಗುತ್ತಿದ್ದರು. ಆಳಂದದ ಕಡೆಯವರು, ಐವತ್ತು ದಾಟಿದ ವಯಸ್ಸು, ಹುಟ್ಟಿನಿಂದಲೇ ಕಣ್ಣಿಲ್ಲ. ಕಚೇರಿಗಳಲ್ಲಿ ಬೆತ್ತದ ಕುರ್ಚಿಗಳು ಹರಿದರೆ ಅಲ್ಲೇ ಕೂತು ಹೆಣೆದುಕೊಡುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಕೋಲಿನಿಂದ ನಮ್ಮ ಫಲಕವನ್ನು ಟಣ್ ಎಂದು ಬಡಿದು, "ಬಂತು ನಮ್ಮೂರು" ಎಂದು ನಗುತ್ತ, ಫಲಕಕ್ಕೂ ನಮ್ಮ ಕಟ್ಟೆಗೂ ನಡುವಿನ ಸಂದಿಯಲ್ಲಿ ನುಸುಳಿ ಬರುತ್ತಿದ್ದರು. ನೀರು ಕುಡಿದು, ಎರಡು ಮಾತು ಕನ್ನಡದಲ್ಲಿ ಆಡಿ ಹೋಗುವರು. ನನ್ನ ಮಕ್ಕಳು ಜಗಳವನ್ನೂ ಮರಾಠಿಯಲ್ಲೇ ಆಡುತ್ತಿದ್ದ ಕಾಲ ಅದು. ಆ ಎರಡು ಮಾತಿಗಾಗಿ ನಾನು ಕಾಯುತ್ತಿದ್ದೆ.

ಒಂದು ದಿನ ಮುನ್ಸಿಪಾಲ್ಟಿಯವರು ಬಂದು ಹೊಸ ನಿಯಮ ಹೇಳಿದರು. ಫುಟ್‌ಪಾತು ನಡೆಯುವವರದ್ದು, ಫಲಕ ಅಂಗಡಿಯ ಕಟ್ಟೆ ದಾಟಿ ಬರಬಾರದು. ಕಟ್ಟೆಗಳ ಗುಂಟ ಸುಣ್ಣದ ಗೆರೆ ಎಳೆದು, ಗೆರೆಯಾಚೆ ಕಂಡದ್ದನ್ನೆಲ್ಲ ಗಾಡಿಗೆ ಹಾಕಿಕೊಂಡು ಹೋಗುತ್ತೇವೆ ಎಂದರು. ನನ್ನ ಗಂಡ ಫಲಕವನ್ನು ಒಳಗಿಡಲು ತಯಾರಾದರು. ಸಿಟ್ಟು ಬಂದದ್ದು ನನಗೆ.

"ಮ್ಯಾಲ ಶಿವನ್ನ ಬರಸ್ರಿ," ಎಂದೆ. "ಯಾವನು ಕೈ ಹಚ್ತಾನ ನೋಡೂಣು."

ಪೇಂಟರು ಬಂದು ಲಿಂಗ ಬರೆದ, ಅದರ ಮೇಲೆ ಮೂರೆಳೆ ವಿಭೂತಿ ಬರೆದ, ಕೆಳಗೆ ದೊಡ್ಡದಾಗಿ 'ಓಂ ನಮಃ ಶಿವಾಯ' ಎಂದೂ ಬರೆದ. ಸೀರೆ, ಖಣ ಎಂಬ ಅಕ್ಷರಗಳು ಅದರ ಕೆಳಗೆ ಮುದುಡಿಕೊಂಡವು. ಸೋಮವಾರ ನಾನೇ ನಿಜವಾದ ವಿಭೂತಿ ಹಚ್ಚಿ, ಮೂಲೆಯ ಹೂವಿನವಳಿಂದ ಚೆಂಡು ಹೂವಿನ ಮಾಲೆ ಕೊಂಡು ಹಾಕಿದೆ. ಅಂದೇ ಗಾಡಿ ಬಂತು. ದರ್ಜಿಯ ಫಲಕ ಹೋಯಿತು, ಬಳೆಗಾರನದೂ ಹೋಯಿತು. ನಮ್ಮದರ ಮುಂದೆ ಬಂದ ಆಳು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಚಪ್ಪಲಿ ಕಳಚಿ ನಮಸ್ಕಾರ ಮಾಡಿದ. "ಮಹಾದೇವ ಆಹೆ, ರಾಹೂ ದೇ," ಇರಲಿ ಬಿಡು ಎಂದು ಜೊತೆಯವನಿಗೆ ಮರಾಠಿಯಲ್ಲಿ ಹೇಳಿ, ಫಲಕವನ್ನು ಇದ್ದಲ್ಲೇ ಬಿಟ್ಟು ಮುಂದೆ ನಡೆದ. ಅವರು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರಿದ್ದೆ. ಆ ಮಧ್ಯಾಹ್ನ ನಾನು ನಕ್ಕ ನಗುವನ್ನು ನೆನೆದರೆ ಈಗ ಅಸಹ್ಯವಾಗುತ್ತದೆ.

ಅದಾಗಿ ನಾಲ್ಕಾರು ದಿನಕ್ಕೆ ಕಾಕಾ ನಮ್ಮಲ್ಲಿ ನಿಲ್ಲುವುದನ್ನು ಬಿಟ್ಟರು. ನಮ್ಮ ಅಂಗಡಿಗಿಂತ ಮೊದಲು ಸಿಗುವ ದೀಪದ ಕಂಬವನ್ನು ಮುಟ್ಟಿ ನೋಡಿ, ಅಲ್ಲೇ ರಸ್ತೆಗೆ ಇಳಿದುಬಿಡುತ್ತಿದ್ದರು. ಟಾಂಗಾ, ಸೈಕಲ್ಲುಗಳ ನಡುವೆ ಹತ್ತಿಪ್ಪತ್ತು ಹೆಜ್ಜೆ ನಡೆದು, ನಮ್ಮನ್ನು ದಾಟಿದ ಮೇಲೆ ಮತ್ತೆ ಫುಟ್‌ಪಾತು ಹತ್ತುವರು. ಏನೋ ಮುನಿಸು ಎಂದುಕೊಂಡೆ. ನಾನೂ ಬಿಗುಮಾನದವಳೇ, ಕರೆದು ಕೇಳಲಿಲ್ಲ.

ಒಂದು ಬೆಳಿಗ್ಗೆ ಹಾಗೆ ಇಳಿದವರಿಗೆ ತಿರುವಿನಿಂದ ಬಂದ ಟಾಂಗಾದ ಮುಂದೆ ಚಾಚಿದ ಮೂಕಿಮರ ಭುಜಕ್ಕೆ ಬಡಿಯಿತು. ನನ್ನ ಕಣ್ಣೆದುರೇ ಬಿದ್ದರು, ಬಲಗೈ ಮೈಯಡಿಗೆ ಸಿಕ್ಕಿತು. ಓಡಿಹೋಗಿ ಎಬ್ಬಿಸಿದರೆ ಮಣಿಕಟ್ಟು ಜೋತುಬಿದ್ದಿತ್ತು. ಅವರು ನೋವೆಂದು ಕೂಗಲಿಲ್ಲ.

"ಬಲಗೈ ಹೋಯ್ತ್ರಿ ಅಕ್ಕಾರ," ಎಂದರು. "ಎಡಗೈಲಿ ಬೆತ್ತ ಬಿಗಿಯಾಗಿ ಎಳಿಲಾಕ್ ಬರಲ್ಲ."

ಅವರನ್ನು ದವಾಖಾನೆಗೆ ಕಳಿಸಿ ಬಂದವಳೇ ಫಲಕವನ್ನು ಒಬ್ಬಳೇ ಎತ್ತಿ ಒಳಗೆ ತಂದೆ. "ಶಿವನ್ನ ಒಳಗ ಮುಚ್ಚಿಟ್ರ ಮಂದಿ ಏನಂದಾರ?" ಎಂದು ನನ್ನ ಗಂಡ ಗೊಣಗಿದರು. ಮಂದಿ ಏನಾದರೂ ಅನ್ನಲಿ ಎಂದೆ. ಆದರೂ ಆಗ ನನಗೆ ಗೊತ್ತಿದ್ದದ್ದು ಅರ್ಧವೇ. ಕಣ್ಣಿಲ್ಲದವರಿಗೆ ಫಲಕ ಅಡ್ಡವಾಯಿತು, ಅದಕ್ಕೆ ಇಳಿದರು ಎಂದುಕೊಂಡಿದ್ದೆ. ಮೊದಲು ಅದೇ ಫಲಕವನ್ನು ಬಡಿದು ದಾರಿ ಮಾಡಿಕೊಂಡು ಬರುತ್ತಿದ್ದವರು ಆಮೇಲೇಕೆ ಹೆದರಿದರು ಎಂದು ಯೋಚಿಸಲೇ ಇಲ್ಲ.

ಮೂರು ತಿಂಗಳ ಮೇಲೆ ದೀಪದ ಕಂಬದ ಹತ್ತಿರದಿಂದ ಕೂಗು ಕೇಳಿಸಿತು. "ಅಕ್ಕಾರ, ಶಿವ ಇನ್ನಾ ಹೊರಗ ಅದಾನೇನ್ರಿ?"

ಹೊರಗೆ ಬಂದು ನೋಡಿದೆ. ಕಾಕಾ ಎಡಗೈಯಲ್ಲಿ ಕೋಲು ಹಿಡಿದು ಕಂಬಕ್ಕೆ ಒರಗಿ ನಿಂತಿದ್ದರು. ಬಲಗೈ ಎಲುಬು ಸೊಟ್ಟಗೆ ಕೂಡಿತ್ತು, ಬೆರಳುಗಳು ಮಡಚುತ್ತಿರಲಿಲ್ಲ.

"ಇಲ್ರಿ ಕಾಕಾ, ಒಳಗ ಇಟ್ಟೀವಿ. ಬರ್ರಿ."

"ಇದ್ರ ಹೇಳ್ರಿ, ಕೆಳಗ ಇಳೀತೀನಿ," ಎಂದರು. "ಶಿವ ಅದಾನಂತ ಹೂವಿನಾಕಿ ಹೇಳಿದ್ಲು. ನನ್ನ ಕೋಲು ಉಗುಳು, ಸಗಣಿ, ಗಟಾರ ಎಲ್ಲಾ ಮುಟ್ತದ. ಅದನ್ನ ದೇವರಿಗಿ ಹೆಂಗ ಹಚ್ಚಲಿ? ಅದಕ್ಕೇ ದೂರಿಂದ್ಲೇ ಇಳೀತಿದ್ದೆ."

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ಇವರು ಉಂಡಿದ್ದರು. ಸುಮ್ಮನಿದ್ದುಬಿಡಬಹುದಿತ್ತು. ಅವರಿಗೆ ಭಕ್ತಿಗಾಗಿ ಕೈ ಕಳೆದುಕೊಂಡೆ ಎಂಬ ಸಮಾಧಾನವಾದರೂ ಉಳಿಯುತ್ತಿತ್ತೇನೋ. ಆದರೆ ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಇಡಲು ನನ್ನಿಂದಾಗಲಿಲ್ಲ.

"ಅದು ಭಕ್ತಿ ಅಲ್ರಿ ಕಾಕಾ," ಎಂದೆ. "ಮುನ್ಸಿಪಾಲ್ಟಿಯವರು ಫಲಕ ಒಯ್ಯಬಾರದಂತ ನಾನೇ ಬರಸಿದ್ದು."

ಅವರು ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಸೊಟ್ಟ ಮಣಿಕಟ್ಟನ್ನು ಎಡಗೈಯಿಂದ ಸವರುತ್ತ ನಿಂತರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ.

"ಹಂಗಾದ್ರ," ಎಂದರು ಕೊನೆಗೆ, ಮೆಲ್ಲಗೆ, "ಕೋಲು ತಾಗಿದ್ರೂ ನಡೀತಿತ್ತೇನ್ರಿ?"

ಹೌದೆಂದು ತಲೆಯಾಡಿಸಿದೆ. ಅವರು ಮುಖವನ್ನು ನನ್ನ ಕಡೆ ಹಿಡಿದು ಕಾಯುತ್ತಲೇ ಇದ್ದರು. ಕಣ್ಣಿಲ್ಲದವರ ಮುಂದೆ ತಲೆಯಾಡಿಸಿ ಪಾರಾಗಲು ಬರುವುದಿಲ್ಲ, ಬಾಯಿಬಿಟ್ಟೇ ಹೇಳಬೇಕಾಯಿತು.

"ನಡೀತಿತ್ತು ಕಾಕಾ."