ದೇವರ ಕೋಣೆಯ ಫೋನು

ಯಶೋಧರಾ ಸಿಟ್ಟಿನ ಹೆಣ್ಣು ಎಂದು ಸ್ಟೇಷನ್ ರಸ್ತೆಯ ಅಂಗಡಿಯವರೆಲ್ಲ ಹೇಳುತ್ತಾರೆ. ಯಾಕೆ ಸಿಟ್ಟು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ಟೆಲಿಫೋನ್ ಲೈನ್‌ಮನ್ ಆಗಿದ್ದ ಅಪ್ಪ ಶಾಂತಪ್ಪನ ಹಿಂದೆ ತಿರುಗಿ ತಂತಿ ಜೋಡಿಸುವುದನ್ನು ಕಲಿತವಳು, ಹದಿನೆಂಟು ವರ್ಷದಿಂದ ಇಂಟರ್‌ಕಾಮ್ ಅಂಗಡಿ ನಡೆಸುತ್ತಿದ್ದಾಳೆ. ಏಣಿ ಹತ್ತಿ ಗೋಡೆ ಕೊರೆಯುವ ಹೆಣ್ಣನ್ನು ನೋಡಿ ನಕ್ಕವರೇ ಆಮೇಲೆ ಅವಳ ನಂಬರ್ ಬರೆದುಕೊಂಡಿದ್ದಾರೆ.

ಟಿಕೋಟಾದ ಶಂಕರೆಪ್ಪ ಬಂದದ್ದು ಹೋದ ದೀಪಾವಳಿ ಮುಗಿದ ಮೇಲೆ. ದ್ರಾಕ್ಷಿ ಬೆಳೆ ಕೈಹಿಡಿದಿತ್ತು, ಮೂರಂತಸ್ತಿನ ಮನೆ ಎದ್ದಿತ್ತು. ಕಲ್ಲಿನ ಗೋಡೆ ಎಷ್ಟು ದಪ್ಪವೆಂದರೆ ಒಳಗೆ ಮೊಬೈಲಿಗೆ ಟವರ್ ಸಿಗದು. ಇರಲು ಹೋದ ಮೇಲೆ ಮೇಲಿನವರಿಗೆ ಚಹಾ ಬೇಕಾದರೆ ಗಂಟಲು ಹರಿಯುವಂತೆ ಕೂಗಬೇಕು.

"ಬಬಲೇಶ್ವರದಾಗ ನಮ್ಮ ಬೀಗರ ಮನ್ಯಾಗ ಇಪ್ಪತ್ನಾಕ ಫೋನಿಂದು ಐತಿ. ಅದಕ್ಕಿಂತ ದೊಡ್ಡದು ಕೊಡವ್ವಾ," ಎಂದ.

"ನಿಮ್ಮನ್ಯಾಗ ಮಂದಿ ಎಷ್ಟ್ರಿ?"

"ಏಳು."

"ಏಳು ಮಂದಿಗೆ ಅಷ್ಟ ಯಾಕ್ರಿ ಸಾವ್ಕಾರ್ರ? ಬೀಗರ ಮ್ಯಾಲಿನ ಹಟಕ್ಕ ಗ್ವಾಡಿ ಯಾಕ ಕೊರಸ್ತೀರಿ?"

ಶಂಕರೆಪ್ಪ ನಕ್ಕ. ಹೊರಗಿನ ಲೈನ್ ಎರಡು, ಒಳಗಿನ ಫೋನ್ ಹದಿನಾರು ಸಾಕೆಂದು ಒಪ್ಪಿಸಿದಳು. ಈ ಮನೆ ಚೆಂದಾಗಿ ಆದರೆ ಆ ಕಡೆಯ ದೊಡ್ಡ ಮನೆಗಳೆಲ್ಲ ತನ್ನನ್ನೇ ಕರೆಯುತ್ತವೆ ಎಂಬ ಆಸೆ ಅವಳಿಗೆ.

ಯಾವ ಫೋನಿಗೆ ಯಾವ ನಂಬರ್ ಎಂದು ಗುಂಡಿ ಒತ್ತಿ ಕೂಡಿಸುವುದು ಒಂದನೆಯ ಫೋನಿನಿಂದಲೇ, ಹೊರಗಿನ ಕರೆ ಮೊದಲು ಬರುವುದೂ ಅದಕ್ಕೇ. ಸದಾ ಯಾರಾದರೂ ಇರುವ ಅಡುಗೆಮನೆಯಲ್ಲಿ ಅದು ಇರಲಿ ಎಂದಳು. ಸೊಸೆ ಚಂದ್ರಕಲಾಳೂ ಹೌದೆಂದಳು. ವಾಸ್ತು ನೋಡುವವನು ಮಾತ್ರ ಮಾತಿನ ಯಂತ್ರ ಈಶಾನ್ಯಕ್ಕೇ ಬೇಕೆಂದ. ಈಶಾನ್ಯದಲ್ಲಿದ್ದದ್ದು ದೇವರ ಕೋಣೆ. ದೇವರು ಹಲೋ ಅನ್ನುತ್ತಾನೆಯೇ ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು?

ಆಗಿನ್ನೂ ಆ ಕೋಣೆ ಬರೀ ಗೋಡೆ. ಯಶೋಧರಾ ಎರಡು ದಿನ ಅಲ್ಲೇ ಕೂತು ತಂತಿ ಎಳೆದಳು, ಅಲ್ಲೇ ರೊಟ್ಟಿಯ ಗಂಟು ಬಿಚ್ಚಿ ಉಂಡಳು. ನೀರು ತಂದು ಕೊಟ್ಟವನು ಶಂಕರೆಪ್ಪನೇ. ಅವಳು ಯಾರ ಮಗಳು, ಯಾವ ಓಣಿಯವಳು ಎಂದು ಅವನಿಗೆ ಆಗಲೂ ಗೊತ್ತಿತ್ತು.

ಗೃಹಪ್ರವೇಶವಾದ ನಾಲ್ಕನೆಯ ದಿನ ನಂಬರ್ ಕೂಡಿಸಲು ಹೋದಳು. ಹೊಸ್ತಿಲ ಹತ್ತಿರ ಬರುವಷ್ಟರಲ್ಲಿ ಶಂಕರೆಪ್ಪ ಕೈ ಅಡ್ಡ ಹಿಡಿದ.

"ಅಲ್ಲೇ ನಿಂದರವ್ವಾ. ಈಗ ದೇವರು ಬಂದಾನ. ನಂಗೇನಿಲ್ಲ, ನಮ್ಮವ್ವ ಹಳೀ ಕಾಲದಾಕಿ. ನೀ ಹೊರಗಿಂದ ಹೇಳು, ನಾ ಒತ್ತತೀನಿ."

ಅವಳ ಮೈಯೆಲ್ಲ ಉರಿದುಹೋಯಿತು. ನಂಗೇನಿಲ್ಲ ಅನ್ನುವವರೇ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ, ಪಾಪ ಹೊರುವುದು ಮುದುಕಿ! ಗೋಡೆ ಕಟ್ಟಿದವರು, ಗಿಲಾವು ಬಳಿದವರು, ಫರಸಿ ಹಾಸಿದವರು, ಯಾರ ಜಾತಿಯನ್ನೂ ಆಗ ಯಾರೂ ಕೇಳಿರಲಿಲ್ಲ. ಕೆಲಸ ಇರುವತನಕ ಇಲ್ಲದ ಮೈಲಿಗೆ ಕೆಲಸ ಮುಗಿದ ಕೂಡಲೇ ಎಲ್ಲಿಂದ ಬಂತು? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು!

ಆದರೂ ಹಿಡಿದ ಕೆಲಸ. ಹಲ್ಲು ಕಚ್ಚಿ ಹೊರಗಿಂದ ಹೇಳಿದಳು. ಶಂಕರೆಪ್ಪ ಕನ್ನಡಕ ಏರಿಸಿಕೊಂಡು ಒತ್ತಿದ. ಅಡುಗೆಮನೆಗೆ ಹೊಡೆದರೆ ಕೊಟ್ಟಿಗೆಯಲ್ಲಿ ಬಾರಿಸಿತು, ಅವನ ಅವ್ವ ದುಂಡವ್ವನ ಕೋಣೆಗೆ ಹೊಡೆದರೆ ಗೇಟಿನಲ್ಲಿ. ಮೂರನೆಯ ಸಲ ತಪ್ಪಿದಾಗ ಅವನು, "ನೀ ಸರಿಯಾಗಿ ಹೇಳವಲ್ಲಿ," ಅಂದುಬಿಟ್ಟ.

ಅಲ್ಲಿಗೆ ಸಾಕಾಯಿತು. ಯಶೋಧರಾ ಎಲ್ಲ ತಂತಿ ಬಂದು ಸೇರುವ ಮೆಟ್ಟಿಲ ಕೆಳಗಿನ ಪೆಟ್ಟಿಗೆ ತೆರೆದು ದೇವರ ಕೋಣೆಯ ತಂತಿ ಕಿತ್ತಳು. ಅದರ ಜಾಗಕ್ಕೆ, ಕೂಲಿಯವರು ಕೂಡುವ ಹೊರಗಿನ ಕಟ್ಟೆಯ ಫೋನಿನ ತಂತಿ ಸೇರಿಸಿದಳು. ಕಟ್ಟೆಯ ಮೇಲೆ ಕೂತು ಅರ್ಧ ತಾಸಿನಲ್ಲಿ ನಂಬರ್ ಕೂಡಿಸಿ ಮುಗಿಸಿದಳು. ಹದಿನೈದು ಫೋನು ಮಾತಾಡಿದವು. ಒಂದು ಸತ್ತು ಬಿದ್ದಿತ್ತು.

"ಮುಖ್ಯ ಫೋನ ಬಂದ್ ಮಾಡಿಬಿಟ್ಯಲ್ಲ!" ಶಂಕರೆಪ್ಪ ಕೂಗಿದ.

"ಮುಖ್ಯದ್ದು ಈಗ ಕಟ್ಟಿ ಮ್ಯಾಲ ಐತ್ರಿ. ಒಳಗಿಂದಕ್ಕ ಜೀವ ಬರಬೇಕಂದ್ರ ನನ್ನ ಒಳಗ ಬಿಡ್ರಿ. ಇಲ್ಲಂದ್ರ ಗ್ವಾಡಿ ಒಡಿಸಿ, ನಾ ಎಳದ ತಂತೀನೂ ಹೊರಗ ಒಗೀರಿ."

ಚಂದ್ರಕಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾವನನ್ನೇ ನೋಡುತ್ತಿದ್ದಳು. ಅವನು ದೇವರ ಕೋಣೆಯ ಬಾಗಿಲು ಬಿಡಲಿಲ್ಲ. ಯಶೋಧರಾ ಚೀಲ ಹೆಗಲಿಗೇರಿಸಿ ಬಸ್ಸು ಹಿಡಿದಳು.

ಇಬ್ರಾಹಿಂಪುರದ ತನ್ನ ಮನೆ ಮುಟ್ಟಿ ಚೀಲ ಮೂಲೆಗೆ ಒಗೆದಳು. ಅಪ್ಪ ಶಾಂತಪ್ಪನ ಮುಂದೆ ಎಲ್ಲ ಹೇಳಿದಳು. "ಇನ್ನ ಆ ಕಡೆ ಒಂದ ಮನೀನೂ ನನ್ನ ಕರಿಯಂಗಿಲ್ಲ ಯಪ್ಪಾ. ಕೆಲಸಾ ಕೆಡಿಸಿಕೊಂಡ ಬಂದೆ."

ಮುದುಕ ಅವಳ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ.

"ಮೂವತ್ತೆರಡ ವರ್ಷ ಅಂಥಾ ಹೊಸ್ತಿಲದ ಹೊರಗ ನಿಂತ, ನೀವ ಒತ್ತರಿ ಯಪ್ಪಾ ಅಂತ ಹೇಳಕೋತ ಬಂದೆ," ಎಂದ. "ನಾನೂ ಒಂದ ಸಲರೆ ತಂತಿ ಕಿತ್ತ ಬರಬೇಕಿತ್ತವ್ವಾ."