ಮೂಸಿ ನೋಡದ ವೈನು

ಅಣ್ಣ ಮನೆಯಲ್ಲೇ ವೈನ್ ಮಾಡುತ್ತಿದ್ದಾನೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದಾಗ ನಾನು ನಂಬಲಿಲ್ಲ. ಕುಂದಾಪುರದ ಕಡೆಯ ಮಡಿ ಮನೆಯಲ್ಲಿ ಬೆಳೆದು, ಮದುವೆಯಾದ ಮೇಲೆ ಈರುಳ್ಳಿ ತಿನ್ನಲು ಕಲಿತ ಮನುಷ್ಯ ಅವನು. ಬ್ಯಾಂಕಿನವರು ಕೋಲ್ಕತ್ತಕ್ಕೆ ಹಾಕಿದ ಮೇಲೆ ಕೆಟ್ಟನೋ ಸುಧಾರಿಸಿದನೋ, ದೇವರೇ ಬಲ್ಲ. ಆ ಫೋನಿಗೆ ಸ್ವಲ್ಪ ಮೊದಲಷ್ಟೇ ನನಗೂ ಇಲ್ಲೇ ಕೆಲಸ ಸಿಕ್ಕಿತ್ತು. ನಾನು ಸದರ್ನ್ ಅವೆನ್ಯೂ ಹತ್ತಿರದ ಪಿಜಿಯಲ್ಲಿ, ಅವನು ಬೆಹಾಲಾದ ಫ್ಲಾಟಿನಲ್ಲಿ.

ಚಳಿಗಾಲದ ಒಂದು ಭಾನುವಾರ ಊಟಕ್ಕೆ ಕರೆದ. ಕಪ್ಪು ದ್ರಾಕ್ಷಿಯ ವೈನನ್ನು ಗ್ಲಾಸಿಗೆ ಬಗ್ಗಿಸಿ ನನ್ನ ಮುಂದಿಟ್ಟ. ತಾನೂ ಮುಟ್ಟಲಿಲ್ಲ, ಅತ್ತಿಗೆಗೂ ಕೊಡಲಿಲ್ಲ. ‘ನೀ ಮೊದ್ಲು ಕುಡಿ’ ಎಂದ. ಧೂಳಿಗೆ ನನ್ನ ಮೂಗು ಕಟ್ಟಿತ್ತು, ವಾಸನೆ ಗೊತ್ತಾಗಲಿಲ್ಲ. ದೊಡ್ಡ ಗುಟುಕನ್ನೇ ಎಳೆದೆ.

ಗಂಟಲು ಚುರ್ರೆಂದಿತು. ಕೆಮ್ಮು ಶುರುವಾಗಿ ಎದೆ ಹಿಡಿದುಕೊಂಡಿತು. ಉಸಿರು ಒಳಗೂ ಇಲ್ಲ, ಹೊರಗೂ ಇಲ್ಲ. ನನಗೆ ಚಿಕ್ಕಂದಿನಿಂದ ಉಬ್ಬಸ ಇದೆ, ಆದರೆ ಇಂಥದ್ದನ್ನು ಕಂಡಿರಲಿಲ್ಲ. ಬ್ಯಾಗಿನ ಇನ್ಹೇಲರಿಗೂ ಅದು ಬಗ್ಗಲಿಲ್ಲ. ಸತ್ತೆ ಅಂತಲೇ ಅಂದುಕೊಂಡೆ. ಅಣ್ಣ ‘ಎಂತಾಯ್ತು, ಎಂತಾಯ್ತು’ ಎನ್ನುತ್ತ ನಿಂತಲ್ಲೇ ಸುತ್ತುತ್ತಿದ್ದ. ಅತ್ತಿಗೆಯೇ ನನ್ನನ್ನು ಆಟೋದಲ್ಲಿ ಕೂರಿಸಿ ಹತ್ತಿರದ ನರ್ಸಿಂಗ್ ಹೋಮಿಗೆ ಒಯ್ದರು. ಅಣ್ಣ ಹಿಂದೆಯೇ ಓಡಿಬಂದ.

ನೆಬ್ಯುಲೈಸರ್ ಮಾಸ್ಕ್ ಹಾಕಿದ ಮೇಲೆ ಹೋದ ಜೀವ ಬಂತು. ವೈನಿಗೆ ಏನು ಹಾಕಿದ್ದೀರಿ ಎಂದು ಡಾಕ್ಟರು ಕೇಳಿದರು. ಕೆಡದಿರಲೆಂದು ಸಲ್ಫೈಟ್ ಪುಡಿ, ಹಣ್ಣಿನ ಶರಬತ್ತಿಗೆ ಹಾಕುವುದೇ, ಎಂದ ಅಣ್ಣ. ಅದು ಹೆಚ್ಚಾದರೆ ಉಬ್ಬಸದವರ ಉಸಿರು ಕಟ್ಟುತ್ತದೆ, ಮೂಸಿದ್ದರೂ ಬೆಂಕಿಕಡ್ಡಿ ಗೀರಿದಂಥ ಘಾಟು ಗೊತ್ತಾಗುತ್ತಿತ್ತು ಎಂದು ಅವರು ಚೆನ್ನಾಗಿ ಬೈದು ಹೋದರು.

ನಾನು ಮಾಸ್ಕ್ ಸರಿಸಿದೆ. ‘ಎಷ್ಟು ಹಾಕಿದ್ದೆ ಮಾರಾಯ?’

‘ಜಾಡಿ ಬದಲಿಸಿದಾಗೆಲ್ಲ ಒಂದೊಂದು ಚಮಚ.’

‘ಮೊದ್ಲು ಹಾಕಿದ್ದು ಅದರಲ್ಲೇ ಉಂಟಾ ಇಲ್ವಾ ಅಂತ ನೋಡ್ಲೇ ಇಲ್ವಾ? ಒಮ್ಮೆ ಮೂಸ್ಲಿಕ್ಕೆ ಎಂತ ಧಾಡಿ ನಿಂಗೆ?’

‘ಮೂಸೂದಾ? ಛೆ!’ ಎಂದ ಅವನು. ಆಗ ನನಗೆ ಹೊಳೆಯಿತು. ನಮ್ಮ ಮನೆಯಲ್ಲಿ ನೈವೇದ್ಯದ ಅಡುಗೆಯ ರುಚಿ ನೋಡುವಂತಿಲ್ಲ, ಮೂಸುವಂತೆಯೂ ಇಲ್ಲ, ಮೂಸಿದರೂ ಎಂಜಲು. ಈ ಪುಣ್ಯಾತ್ಮ ಅದೇ ಮಡಿಯನ್ನು ವೈನಿಗೂ ಹಚ್ಚಿದ್ದ. ಮೈಯೆಲ್ಲ ಉರಿದುಹೋಯಿತು.

‘ಯಾವ ದೇವ್ರಿಗೆ ಇಡ್ಲಿಕ್ಕಿತ್ತು ಆ ವೈನು?’

‘ದೇವ್ರಿಗಲ್ಲ’ ಎಂದ. ‘ಇಷ್ಟು ವರ್ಷ ಈ ಊರಲ್ಲಿ ನಮ್ಮವರು ಅಂತ ಯಾರೂ ಇರ್ಲಿಲ್ಲ. ನಿಂಗೆ ಇಲ್ಲಿ ಕೆಲ್ಸ ಸಿಕ್ತು ಅಂದ ದಿನ ದ್ರಾಕ್ಷಿ ತಂದು ಹಾಕಿದ್ದು. ನಿಂಗೆ ಕೊಡುವ ಮೊದ್ಲು ಎಂಜಲು ಮಾಡ್ಬಾರ್ದು ಅಂತ…’

ಅಳತೊಡಗಿದ. ಬೈಯುವುದು ಬೇಕಾದಷ್ಟಿತ್ತು. ಮಾಸ್ಕನ್ನು ಮತ್ತೆ ಮೂಗಿಗೆ ಎಳೆದುಕೊಂಡು ಅವನ ಕೈ ಹಿಡಿದೆ.